ಎಳೆಯರ ಶೋಕ, ಹಿರಿಯರ ಹೊಣೆ



ಇಂದು ನಾನು ಎತ್ತಿಕೊಂಡಿರುವ ವಿಷಯ ಕಠಿನವಾದದ್ದು. ನಮ್ಮ ಮನೆಗಳಲ್ಲಿ ಇದರ ಪ್ರಸ್ತಾಪವೇ ಅಮಂಗಳವೆಂಬ ಭಾವನೆ ಉಂಟು. ಯಾರಾದರೂ ಬಾಯಿತಪ್ಪಿ ಆಡಿದರೆ 'ಬಿಡ್ತು ಅನ್ನು' ಎಂದು ಹಿರಿಯರು ತಡೆಯುತ್ತಾರೆ. ಆದರೂ ಆಡದೆ ವಿಧಿಯಿಲ್ಲ. ಹದಿಹರೆಯದ ಮಕ್ಕಳಲ್ಲಿ ಆತ್ಮಹತ್ಯೆಯ ಯೋಚನೆ ತಲೆದೋರುವುದಕ್ಕೂ, ಅದಕ್ಕೆ ಮುನ್ನ ಅವರ ಬಾಳಿನಲ್ಲಿ ಒದಗಿದ ಮರಣ, ಅಗಲಿಕೆ, ನಷ್ಟಗಳಿಗೂ ಇರುವ ಸಂಬಂಧವೇನು? ಆ ಸಂಬಂಧವನ್ನು ಅರಿತ ಹಿರಿಯರು ಮಾಡಬಹುದಾದದ್ದೇನು? ಈ ಎರಡು ಪ್ರಶ್ನೆಗಳೇ ಈ ಹೊತ್ತಿನ ಭಾಷಣದ ವಸ್ತು.

ಕೇಳುತ್ತಿರುವವರ ಪೈಕಿ ಇಂಥ ದುಃಖವನ್ನು ತಮ್ಮ ಮನೆಯಲ್ಲಿಯೇ ಕಂಡವರು ಇರಬಹುದು. ಅವರಿಗೆ ಮೊದಲೇ ಒಂದು ಮಾತನ್ನು ನಿವೇದಿಸಿಕೊಳ್ಳುತ್ತೇನೆ. ಯಾವ ಆತ್ಮಹತ್ಯೆಗೂ ಕಾರಣ ಒಂದೇ ಆಗಿರುವುದಿಲ್ಲ. ಒಬ್ಬ ತಾಯಿಯ, ಒಬ್ಬ ತಂದೆಯ, ಒಬ್ಬ ಉಪಾಧ್ಯಾಯರ ತಲೆಯ ಮೇಲೆ ಅದರ ದೋಷವನ್ನು ಹೊರಿಸುವುದು ಅನ್ಯಾಯ. ನಾನು ಇಲ್ಲಿ ಹೇಳುವುದೆಲ್ಲ ನಾವು ಇನ್ನು ಮುಂದೆ ಕಾಪಾಡಬೇಕಾದ ಮಕ್ಕಳ ಸಲುವಾಗಿ.

ಮೊದಲು ಈ ಸಂಕಟದ ಪ್ರಮಾಣವನ್ನು ತಿಳಿಯೋಣ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಲೋಕದಲ್ಲಿ ಪ್ರತಿವರ್ಷ 7 ಲಕ್ಷಕ್ಕೂ ಮಿಕ್ಕಿದ ಜನ ಆತ್ಮಹತ್ಯೆಯಿಂದ ಸಾಯುತ್ತಾರೆ. 15ರಿಂದ 29ರ ವಯಸ್ಸಿನವರ ಮರಣಕಾರಣಗಳಲ್ಲಿ ಇದು ಮೂರನೆಯದು. ನಮ್ಮ ದೇಶದಲ್ಲಿ 2022ರಲ್ಲಿ ಪೊಲೀಸರ ದಾಖಲೆಗೆ ಬಂದ ಇಂಥ ಸಾವುಗಳು ಸುಮಾರು 1 ಲಕ್ಷ 70 ಸಾವಿರ. ಅವರಲ್ಲಿ 13 ಸಾವಿರದಷ್ಟು ಮಂದಿ ವಿದ್ಯಾರ್ಥಿಗಳು. ಒಟ್ಟು ಸಾವುಗಳಲ್ಲಿ 18 ವರ್ಷ ತುಂಬದ ಮಕ್ಕಳೇ ಸುಮಾರು 10 ಸಾವಿರ.

ಈ ದಾಖಲೆಯಲ್ಲಿ ಪ್ರತಿಯೊಂದು ಸಾವಿನ ಮುಂದೆಯೂ ಒಂದು ಕಾರಣವನ್ನು ಬರೆದಿರುತ್ತಾರೆ. ಪರೀಕ್ಷೆಯಲ್ಲಿ ಅನುತ್ತೀರ್ಣತೆ, ಪ್ರೇಮವೈಫಲ್ಯ, ಕೌಟುಂಬಿಕ ಸಮಸ್ಯೆ, ಅನಾರೋಗ್ಯ ಎಂಬಿವು ಅಲ್ಲಿ ಕಾಣುವ ಶೀರ್ಷಿಕೆಗಳು. ಲೆಕ್ಕಕ್ಕೆ ಇದು ಬೇಕು, ನಿಜ. ಆದರೆ ಒಂದು ಎಳೆಯ ಜೀವದ ಕಥೆ ಒಂದು ಶೀರ್ಷಿಕೆಯಲ್ಲಿ ಅಡಗುವಷ್ಟು ಚಿಕ್ಕದಲ್ಲ. ಅಲ್ಲಿ ದಾಖಲಾಗುವುದು ಕಟ್ಟಕಡೆಯ ನಷ್ಟ ಮಾತ್ರ. ಅದಕ್ಕೆ ಮುನ್ನ ವರ್ಷಗಟ್ಟಲೆ ಒಂದರ ಮೇಲೊಂದು ಕೂಡಿಕೊಂಡ ನಷ್ಟಗಳು ದಾಖಲೆಯ ಹೊರಗೇ ಉಳಿದುಹೋಗುತ್ತವೆ.

ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ವಯಸ್ಸು 17. ದ್ವಿತೀಯ ಪಿಯುಸಿಯಲ್ಲಿ ಎರಡು ವಿಷಯಗಳು ಉಳಿದುಕೊಂಡಿವೆ. ಫಲಿತಾಂಶ ಬಂದಂದಿನಿಂದ ಅವನು ಸರಿಯಾಗಿ ಉಣ್ಣುತ್ತಿಲ್ಲ, ಯಾರೊಡನೆಯೂ ಮಾತಿಲ್ಲ. ನೋಡಿದವರು ಪರೀಕ್ಷೆಯ ಚಿಂತೆ ಎನ್ನುತ್ತಾರೆ. ಆದರೆ ಅವನ ಹಿಂದಿನ ನಾಲ್ಕು ವರ್ಷಗಳನ್ನು ವಿಚಾರಿಸಿದರೆ ಬೇರೆಯೇ ಸಂಗತಿ ತಿಳಿಯುತ್ತದೆ. ತಂದೆ ತೀರಿಕೊಂಡರು, ಸಾಲಕ್ಕಾಗಿ ಜಮೀನು ಹೋಯಿತು, ಊರು ಬಿಟ್ಟು ಪಟ್ಟಣದಲ್ಲಿರುವ ಸೋದರಮಾವನ ಮನೆ ಸೇರಬೇಕಾಯಿತು, ಕೂಡಿ ಆಡಿದ ಗೆಳೆಯರು ದೂರವಾದರು, ತಾಯಿ ದುಡಿಮೆಗೆ ನಿಂತಳು, ಅವಳ ಮಾತು ಕಡಮೆಯಾಯಿತು. ಓದಿನಲ್ಲಿ ಮುಂದು ಎಂಬ ಒಂದು ಹೆಮ್ಮೆ ಮಾತ್ರ ಅವನಿಗೆ ಉಳಿದಿತ್ತು. ಈಗ ಅದೂ ಹೋಯಿತು. ಈ ಹುಡುಗನ ದುಃಖ ಎರಡು ವಿಷಯಗಳ ದುಃಖವೆ?

ಕೊನೆಯ ನಷ್ಟದ ಹಿಂದೆ ಹಳೆಯ ನಷ್ಟಗಳಿರುತ್ತವೆ ಎಂದು ಹೇಳಿದೆ. ಹಾಗಾದರೆ ಹದಿಹರೆಯದಲ್ಲಿ ನಷ್ಟವು ಇಷ್ಟು ಆಳಕ್ಕೆ ಇಳಿಯುವುದೇಕೆ?

ಶೈಶವದಲ್ಲಿ ಮಗುವಿಗೆ ತಾಯಿತಂದೆಯರೇ ಜಗತ್ತು. ವಯಸ್ಕನಿಗೆ ತನ್ನದೇ ಉದ್ಯೋಗ, ತನ್ನದೇ ಸಂಸಾರ, ತಾನೇ ಸಂಪಾದಿಸಿದ ಸ್ಥಾನಮಾನ. ಈ ಎರಡರ ನಡುವಣ ಏಳೆಂಟು ವರ್ಷಗಳಲ್ಲಿ ಹಳೆಯ ಆಸರೆ ಸಡಿಲವಾಗುತ್ತಿರುತ್ತದೆ, ಹೊಸ ಆಸರೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಭಾವನೆಯ ವೇಗ ಹೆಚ್ಚು. ಅದನ್ನು ತಡೆದು ಮುಂದುಹಿಂದು ನೋಡುವ ವಿವೇಚನಾಶಕ್ತಿಗೆ ಆಧಾರವಾದ ಮಿದುಳಿನ ಭಾಗವಾದರೋ ಇಪ್ಪತ್ತರ ನಂತರವೂ ಬೆಳೆಯುತ್ತಲೇ ಇರುತ್ತದೆ. ಐವತ್ತರ ಮನುಷ್ಯನಿಗೆ ಒಂದು ಕೆಟ್ಟ ವರ್ಷ ಬಂದರೆ, ಇಂಥ ವರ್ಷಗಳು ಹಿಂದೆಯೂ ಬಂದಿದ್ದವು, ಕಳೆದುಹೋದವು ಎಂದು ನೆನೆದುಕೊಳ್ಳಲು ಅನುಭವದ ಸಂಚಯವಿದೆ. ಹದಿನೈದರ ಬಾಲಕಿಗೆ ಆ ಸಂಚಯವಿಲ್ಲ. ಇಂದಿನ ಕತ್ತಲೆ ಎಂದೆಂದಿಗೂ ಇರುವಂಥದ್ದೆಂದು ಅವಳಿಗೆ ತೋರುತ್ತದೆ.

ಈ ವಿಚಾರ ಹೊಸತಲ್ಲ. 1910ರ ಏಪ್ರಿಲ್ ತಿಂಗಳಲ್ಲಿ ವಿಯೆನ್ನಾ ನಗರದ ಮನೋವಿಶ್ಲೇಷಕರ ಸಂಘವು ಶಾಲಾವಿದ್ಯಾರ್ಥಿಗಳ ಆತ್ಮಹತ್ಯೆಯ ವಿಷಯವನ್ನೇ ಚರ್ಚೆಗೆ ಎತ್ತಿಕೊಂಡಿತು. ಆಲ್ಫ್ರೆಡ್ ಆಡ್ಲರ್ ಅಲ್ಲಿದ್ದರು. ಸಿಗ್ಮಂಡ್ ಫ್ರಾಯ್ಡ್ ಇದ್ದರು. ವಿದ್ಯಾರ್ಥಿಗಳನ್ನು ಸಾವಿನತ್ತ ನೂಕದಿದ್ದ ಮಾತ್ರಕ್ಕೆ ಶಾಲೆಯ ಕರ್ತವ್ಯ ಮುಗಿಯುವುದಿಲ್ಲ, ಮನೆಯ ಬಾಂಧವ್ಯ ಸಡಿಲವಾಗುತ್ತಿರುವ ಆ ವಯಸ್ಸಿನಲ್ಲಿ ಬದುಕುವ ಆಸೆಯನ್ನು ಅದು ಹುಟ್ಟಿಸಬೇಕು ಎಂಬುದು ಫ್ರಾಯ್ಡರ ಅಭಿಪ್ರಾಯವಾಗಿತ್ತು. ಜೀವಿಸುವ ಇಚ್ಛೆಯೇ ಬತ್ತಿಹೋಗುವುದು ಹೇಗೆಂಬುದನ್ನು ತಿಳಿಯಬೇಕಾದರೆ ಸಹಜವಾದ ಶೋಕವನ್ನೂ ರೋಗರೂಪವಾದ ವಿಷಾದವನ್ನೂ ಹೋಲಿಸಿ ನೋಡಬೇಕೆಂದು ಅವರು ಅಂದೇ ಸೂಚಿಸಿದರು. ಆ ವಿಷಯವಾಗಿ ಅವರು ಬರೆದ ಪ್ರಸಿದ್ಧ ಪ್ರಬಂಧ 1917ರಲ್ಲಿ ಪ್ರಕಟವಾಯಿತು. ಶೋಕದಲ್ಲಿ ಮನುಷ್ಯನಿಗೆ ಹೊರಗಿನ ಜಗತ್ತು ಬರಿದಾಗುತ್ತದೆ. ವಿಷಾದದಲ್ಲಿ ತಾನೇ ಬರಿದಾದೆನೆಂಬ ಭಾವನೆ ನೆಲೆಗೊಳ್ಳುತ್ತದೆ. ಆ ಪ್ರಬಂಧದ ತಾತ್ಪರ್ಯ ಸ್ಥೂಲವಾಗಿ ಇದು.

ಅಂದಿನಿಂದ ನೂರು ವರ್ಷಕ್ಕೂ ಹೆಚ್ಚು ಕಾಲ ಸಂದಿದೆ. ಅಲ್ಲಿನ ಅನೇಕ ಸಿದ್ಧಾಂತಗಳನ್ನು ಈಗಿನವರು ಒಪ್ಪುವುದಿಲ್ಲ. ಆದರೂ ನಷ್ಟದಿಂದ ಶೋಕ, ಶೋಕಕ್ಕೆ ದಾರಿ ಕಾಣದಿದ್ದರೆ ಆತ್ಮನಿಂದೆ, ಆತ್ಮನಿಂದೆಯಿಂದ ಬದುಕಿನ ತಿರಸ್ಕಾರ ಎಂಬ ಈ ಪರಂಪರೆಯನ್ನು ಇಂದಿನ ವೈದ್ಯರೂ ತಮ್ಮ ರೋಗಿಗಳಲ್ಲಿ ಕಾಣುತ್ತಾರೆ.

ಹದಿಹರೆಯದಲ್ಲಿ ನಷ್ಟ ಆಳಕ್ಕೆ ಇಳಿಯುವ ಕಾರಣವನ್ನು ಕಂಡೆವು. ನಷ್ಟವೆಂದರೆ ಮರಣವೊಂದೇ ಅಲ್ಲ. ಅದರ ಬಗೆಗಳನ್ನು ಈಗ ಪರಿಶೀಲಿಸೋಣ.

ಮೊದಲನೆಯದು ಮರಣವೇ. ತಾಯಿ ಅಥವಾ ತಂದೆಯ ಸಾವು, ಒಡಹುಟ್ಟಿದವರ ಸಾವು, ಸಾಕಿದ ಅಜ್ಜಿಯ ಸಾವು. ನಮ್ಮ ನಾಡಿನ ಹಳ್ಳಿಗಳಲ್ಲಿ ಸಾಲಕ್ಕೆ ಹೆದರಿ ಪ್ರಾಣ ನೀಗಿದ ರೈತರ ಮಕ್ಕಳೂ ಈ ವರ್ಗಕ್ಕೆ ಸೇರಿದವರು. ಆ ಮಕ್ಕಳ ಪಾಡು ಇನ್ನೂ ಜಟಿಲ. ಅವರಿಗೆ ದುಃಖದ ಜೊತೆಗೆ ಅವಮಾನವೂ ಉಂಟು. ಅಪ್ಪ ನಮ್ಮನ್ನು ಬಿಟ್ಟುಹೋದನಲ್ಲ ಎಂಬ ಕೋಪವೂ, ನಾನು ತಡೆಯಬಹುದಿತ್ತೇನೋ ಎಂಬ ಅಪರಾಧಭಾವನೆಯೂ ಉಂಟು.

ಎರಡನೆಯದು ಮರಣವಲ್ಲದ ಅಗಲಿಕೆ. ತಂದೆ ಮನೆ ಬಿಟ್ಟು ಹೋದ, ಎಲ್ಲಿರುವನೋ ತಿಳಿಯದು. ತಾಯಿತಂದೆಯರು ಬೇರೆಯಾದರು. ಇಲ್ಲವೇ ತಂದೆ ಮನೆಯಲ್ಲೇ ಇದ್ದಾನೆ, ಕುಡಿತ ಅವನನ್ನು ಮನೆಯವರ ಪಾಲಿಗೆ ಇಲ್ಲದಂತೆ ಮಾಡಿದೆ. ಅಮೆರಿಕದ ವಿದುಷಿ ಪಾಲಿನ್ ಬಾಸ್, ವಿಯೆಟ್ನಾಂ ಯುದ್ಧದಲ್ಲಿ ಕಣ್ಮರೆಯಾದ ಯೋಧರ ಕುಟುಂಬಗಳನ್ನು ಅಧ್ಯಯನ ಮಾಡಿ, ಇಂಥ ಅಸ್ಪಷ್ಟ ನಷ್ಟವು ಮರಣಕ್ಕಿಂತಲೂ ದುಸ್ಸಹವಾಗಬಹುದೆಂದು ಹೇಳಿದರು. ಮರಣಕ್ಕೆ ಸಂಸ್ಕಾರವಿದೆ, ತಿಥಿಯಿದೆ, ನೆಂಟರು ಬಂದು ಕುಳಿತು ಅಳುವ ರೂಢಿಯಿದೆ. ಮನೆ ಬಿಟ್ಟುಹೋದ ತಂದೆಗಾಗಿ ಅಳಲು ಮಗುವಿಗೆ ಒಂದು ದಿನವೂ ನಿಗದಿಯಾಗಿಲ್ಲ.

ಮೂರನೆಯದು ಸಮಾಜವು ನಷ್ಟವೆಂದೇ ಗಣಿಸದ ನಷ್ಟ. ಅಮೆರಿಕದ ಮತ್ತೊಬ್ಬ ವಿದ್ವಾಂಸರಾದ ಕೆನೆತ್ ಡೋಕಾ 1980ರ ದಶಕದಲ್ಲಿ ಇಂಥ ಮನ್ನಣೆಯಿಲ್ಲದ ಶೋಕವನ್ನು ಕುರಿತು ಗಂಭೀರವಾಗಿ ಬರೆದರು. ಆಪ್ತಮಿತ್ರನ ಸಾವು, ಮನೆಯವರಿಗೆ ತಿಳಿಯದಿದ್ದ ಪ್ರೇಮದ ಮುರಿವು, ಊರು ಬಿಟ್ಟು ಬಂದದ್ದು, ಸಾಕಿದ ನಾಯಿ ಸತ್ತದ್ದು: ಇವುಗಳಿಗಾಗಿ ಮಗು ಅತ್ತರೆ ಹಿರಿಯರು ನಗುತ್ತಾರೆ, ಇಲ್ಲವೇ ಗದರುತ್ತಾರೆ. 'ಇಷ್ಟಕ್ಕೆಲ್ಲ ಅಳ್ತಾರೇನೋ?' ಎನ್ನುತ್ತಾರೆ. ಶೋಕಿಸುವ ಹಕ್ಕನ್ನೇ ಕಳೆದುಕೊಂಡ ಮಗು ತನ್ನ ಶೋಕವನ್ನು ಒಳಗೆ ಅಡಗಿಸಿಡುತ್ತದೆ.

ನಾಲ್ಕನೆಯದು ಪ್ರತಿಷ್ಠೆಯ ನಷ್ಟ. ಪರೀಕ್ಷೆ, ಆಟದ ತಂಡ, ಗೆಳೆಯರ ಗುಂಪು, ತರಗತಿಯ ಮುಂದೆ ಆದ ಅವಮಾನ. ನಿನ್ನ ಬೆಲೆ ನಿನ್ನ ಅಂಕಗಳಲ್ಲಿದೆ ಎಂದು ವರ್ಷಗಟ್ಟಲೆ ಬೋಧಿಸಿದ ಮೇಲೆ, ಅಂಕಗಳು ಕಡಮೆಯಾದ ದಿನ ಮಗು ತಾನು ಬೆಲೆಯಿಲ್ಲದವನೆಂದು ತಿಳಿದರೆ ಆಶ್ಚರ್ಯವೇನು?

ನಷ್ಟದ ನಾಲ್ಕು ಬಗೆಗಳನ್ನು ಹೇಳಿದೆ. ಇವು ಕೂಡಿಕೊಂಡಷ್ಟೂ ಅಪಾಯ ಹೆಚ್ಚು. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ನಗರದಲ್ಲಿ 1990ರ ದಶಕದಲ್ಲಿ 17 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಅವರ ಬಾಲ್ಯದ ವಿಷಯವಾಗಿ ವಿಚಾರಿಸಿದ ಒಂದು ದೊಡ್ಡ ಅಧ್ಯಯನ ನಡೆಯಿತು. ತಾಯಿತಂದೆಯರ ಬೇರ್ಪಡೆ, ಮನೆಯೊಳಗಿನ ಹಿಂಸೆ, ಕುಡಿತ, ನಿರ್ಲಕ್ಷ್ಯ ಮೊದಲಾದ ಕಷ್ಟಗಳು ಯಾರಿಗೆ ಎಷ್ಟು ಹೆಚ್ಚಾಗಿ ಒದಗಿದ್ದವೋ, ಅವರಲ್ಲಿ ಆತ್ಮಹತ್ಯೆಗೆ ಯತ್ನಿಸಿದವರ ಪ್ರಮಾಣ ಅಷ್ಟೂ ಹೆಚ್ಚಾಗಿತ್ತು. ನಮ್ಮ ಕಲ್ಪನೆಯ ಹುಡುಗನಿಗೆ ಪಿಯುಸಿಯ ಫಲಿತಾಂಶ ಅಷ್ಟು ಭಾರವಾದದ್ದು ಹೇಗೆಂಬುದನ್ನು ಇದು ತಿಳಿಸುತ್ತದೆ.

ಇಲ್ಲಿಯವರೆಗೆ ಹೇಳಿದ್ದನ್ನು ಕೇಳಿ ಯಾರಾದರೂ ಎದೆಗುಂದಿರಬಹುದು. ತಂದೆಯಿಲ್ಲದ ಮಗುವನ್ನು ಸಾಕುತ್ತಿರುವ ತಾಯಿಗೆ ಭೀತಿಯಾಗಿರಬಹುದು. ಅಂಥವರು ಈಗ ಹೇಳುವುದನ್ನು ಅವಧಾನದಿಂದ ಕೇಳಬೇಕೆಂದು ಬೇಡುತ್ತೇನೆ.

ಡೆನ್ಮಾರ್ಕ್, ಸ್ವೀಡನ್, ಫಿನ್‌ಲೆಂಡ್ ದೇಶಗಳಲ್ಲಿ ಪ್ರತಿಯೊಬ್ಬನ ಜನನ ಮರಣಗಳ ದಾಖಲೆ ಚೊಕ್ಕವಾಗಿದೆ. ಆ ದಾಖಲೆಗಳನ್ನು ಆಧರಿಸಿದ ಒಂದು ಸಂಶೋಧನೆ 2015ರಲ್ಲಿ ಪ್ರಕಟವಾಯಿತು. 18 ತುಂಬುವ ಮೊದಲೇ ತಾಯಿಯನ್ನೋ ತಂದೆಯನ್ನೋ ಕಳೆದುಕೊಂಡ ಸುಮಾರು 1 ಲಕ್ಷ 90 ಸಾವಿರ ಮಕ್ಕಳ ಮುಂದಿನ ಬಾಳನ್ನು ಅದು ದಶಕಗಳ ಕಾಲ ಹಿಂಬಾಲಿಸಿತು. ಇತರರೊಡನೆ ಹೋಲಿಸಿದರೆ ಆ ಮಕ್ಕಳಲ್ಲಿ ಆತ್ಮಹತ್ಯೆಯ ಅಪಾಯ ಸುಮಾರು ಎರಡು ಪಟ್ಟು. ತಾಯಿ ಅಥವಾ ತಂದೆ ಆತ್ಮಹತ್ಯೆಯಿಂದಲೇ ತೀರಿಕೊಂಡಿದ್ದರೆ ಮೂರು ಪಟ್ಟಿಗೂ ಮೇಲು. ಈ ಅಪಾಯ ಒಂದೆರಡು ವರ್ಷಗಳಲ್ಲಿ ಮುಗಿಯದೆ ಬಹುಕಾಲ ಉಳಿಯುವುದೂ ಕಂಡುಬಂದಿತು.

ಆದರೆ ಅದೇ ಸಂಶೋಧನೆಯ ಇನ್ನೊಂದು ಅಂಕಿಯನ್ನು ಮರೆಯಲಾಗದು. 25 ವರ್ಷಗಳ ಅವಧಿಯಲ್ಲಿ, ಹೀಗೆ ತಬ್ಬಲಿಗಳಾದ ಹುಡುಗರ ಪೈಕಿ ಆತ್ಮಹತ್ಯೆಯಿಂದ ಸತ್ತವರು ಸಾವಿರಕ್ಕೆ 4 ಮಂದಿ. ಹುಡುಗಿಯರಲ್ಲಿ ಸಾವಿರಕ್ಕೆ 2. ಹಾಗೆಂದರೆ ಅಷ್ಟು ದೊಡ್ಡ ಪೆಟ್ಟು ತಿಂದ ಸಾವಿರ ಮಕ್ಕಳಲ್ಲಿ 996 ಮಂದಿ, 998 ಮಂದಿ ಈ ಅಪಾಯವನ್ನು ದಾಟಿದರು. ನಷ್ಟವು ಹಣೆಬರಹವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಡ. ಆ ನಾಲ್ವರು, ಆ ಇಬ್ಬರು ಸಹ ಉಳಿಯಬೇಕೆಂಬುದೇ ನಮ್ಮ ಪ್ರಯತ್ನ.

ನಷ್ಟ ಅಪಾಯವನ್ನು ಹೆಚ್ಚಿಸುತ್ತದೆ. ಆದರೂ ಬಹುಪಾಲು ಮಕ್ಕಳು ಅದನ್ನು ದಾಟುತ್ತಾರೆ. ಹಾಗಾದರೆ ದಾಟುವವರಿಗೂ ದಾಟಲಾರದವರಿಗೂ ನಡುವೆ ಇರುವ ಅಂತರವೇನು?

ಒಂದು ಭಾಗ ದೇಹಪ್ರಕೃತಿಯದು, ವಂಶದ್ದು, ಖಿನ್ನತೆಯೆಂಬ ರೋಗದ್ದು. ಅದಕ್ಕೆ ವೈದ್ಯರ ಚಿಕಿತ್ಸೆ ಬೇಕು, ಚಿಕಿತ್ಸೆಯಿಂದ ಗುಣವೂ ಉಂಟು. ಇನ್ನೊಂದು ಭಾಗ ನಮ್ಮೆಲ್ಲರ ಕೈಯಲ್ಲಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಜಾಯ್ನರ್ ಅವರ ವಿವೇಚನೆಯಂತೆ, ಬದುಕು ಬೇಡವೆನ್ನುವ ಮನಸ್ಸಿನಲ್ಲಿ ಎರಡು ನಂಬಿಕೆಗಳು ಬೇರುಬಿಟ್ಟಿರುತ್ತವೆ. ನಾನು ಯಾರಿಗೂ ಸೇರಿದವನಲ್ಲ ಎಂಬುದು ಒಂದು. ನಾನು ಎಲ್ಲರಿಗೂ ಹೊರೆ ಎಂಬುದು ಇನ್ನೊಂದು. ಈ ಎರಡೂ ಸುಳ್ಳು ನಂಬಿಕೆಗಳು. ಆದರೆ ಒಳಗೇ ಇರುವವರೆಗೆ ಅವು ಸತ್ಯದಂತೆಯೇ ಕಾಣುತ್ತವೆ.

ನಮ್ಮ ನಡತೆ ಈ ಎರಡು ನಂಬಿಕೆಗಳಿಗೆ ಹೇಗೆ ಇಂಬುಕೊಡುತ್ತದೆ ನೋಡಿ. ತಂದೆ ತೀರಿಕೊಂಡ ಮನೆ. ಬಂದ ನೆಂಟರು ಹಿರಿಯ ಮಗನ ಹೆಗಲ ಮೇಲೆ ಕೈಯಿಟ್ಟು, 'ಇನ್ನು ಮನೆಗೆ ನೀನೇ ಯಜಮಾನ ಕಣಪ್ಪ, ನೀನು ಅಳಬಾರದು, ಅಮ್ಮನಿಗೆ ನೀನೇ ಧೈರ್ಯ ಹೇಳಬೇಕು' ಎನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಆಡುವ ಮಾತು. ಆದರೆ ಹದಿನಾಲ್ಕು ವರ್ಷದ ಹುಡುಗನಿಗೆ ಆ ಮಾತು ಅಳುವ ದಾರಿಯನ್ನೇ ಮುಚ್ಚುತ್ತದೆ. ಮಗಳ ಮುಂದೆಯೋ, 'ಈ ಹೆಣ್ಣುಮಗುವಿನ ಗತಿ ಏನಮ್ಮಾ' ಎಂದು ಉದ್ಗರಿಸುತ್ತಾರೆ. ತಾನು ಭಾರವೆಂಬುದನ್ನು ಅವಳು ಅಲ್ಲಿಯೇ ಕಲಿಯುತ್ತಾಳೆ. ವೈಕುಂಠ ಸಮಾರಾಧನೆ ಮುಗಿಯುತ್ತದೆ, ನೆಂಟರು ಹೊರಡುತ್ತಾರೆ. ಮಗುವಿನ ಶೋಕ ಆಗತಾನೆ ಆರಂಭವಾಗಿರುತ್ತದೆ. ಸತ್ತವರ ಹೆಸರೆತ್ತಿದರೆ ತಾಯಿ ಅಳುತ್ತಾಳೆಂದು ಮಗು ಸುಮ್ಮನಿರುತ್ತದೆ. ಮಗು ಅಳುತ್ತದೆಂದು ತಾಯಿ ಸುಮ್ಮನಿರುತ್ತಾಳೆ. ಪರಸ್ಪರ ಪ್ರೀತಿಯಿಂದಲೇ ಇಬ್ಬರೂ ಒಂಟಿಯಾಗುತ್ತಾರೆ.

ಸುಮ್ಮನಿರುವ ಮಗುವನ್ನು ಕಂಡು, ಪರವಾಗಿಲ್ಲ, ಸುಧಾರಿಸಿಕೊಂಡಿತು ಎನ್ನುತ್ತೇವೆ. ಇಂಗ್ಲೆಂಡಿನಲ್ಲಿ ಜಾನ್ ಬೌಲ್ಬಿ ಮತ್ತು ಜೇಮ್ಸ್ ರಾಬರ್ಟ್‌ಸನ್ ಎಂಬ ಇಬ್ಬರು, ಆಸ್ಪತ್ರೆಯಲ್ಲಿ ತಾಯಿಯಿಂದ ದೂರವಿರಬೇಕಾದ ಪುಟ್ಟ ಮಕ್ಕಳನ್ನು 1950ರ ಸುಮಾರಿಗೆ ಬಹು ಸೂಕ್ಷ್ಮವಾಗಿ ಅವಲೋಕಿಸಿದರು. ಮಗು ಮೊದಲು ಅತ್ತು ಪ್ರತಿಭಟಿಸುತ್ತದೆ. ಆಮೇಲೆ ಹತಾಶವಾಗುತ್ತದೆ. ಕೊನೆಗೆ ಶಾಂತವಾಗಿ, ಯಾರು ಬಂದರೂ ಹೋದರೂ ಒಂದೇ ಎಂಬಂತೆ ಇರುತ್ತದೆ. ಆ ಮೂರನೆಯ ಸ್ಥಿತಿಯನ್ನು ಸಿಬ್ಬಂದಿಯವರು ಮಗು ಹೊಂದಿಕೊಂಡಿತೆಂದು ಭಾವಿಸುತ್ತಿದ್ದರು. ನಿಜವಾಗಿ ಅದು ಆಸೆ ಬಿಟ್ಟ ಸ್ಥಿತಿ. ಹದಿಹರೆಯದವರ ಮೌನವನ್ನೂ ನಾವು ಹಾಗೆಯೇ ತಪ್ಪು ತಿಳಿಯುವ ಸಂಭವವಿದೆ.

ಒಂಟಿತನವು ನಷ್ಟದ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದನ್ನು ಕಂಡೆವು. ಜೊತೆಯಾಗುವುದರಿಂದ ಅಪಾಯ ಕಡಮೆಯಾಗುವುದೆ? ಆಗುವುದು. ಇದಕ್ಕೂ ನಿದರ್ಶನವಿದೆ.

ಅಮೆರಿಕದ ಆರಿಜೋನಾ ರಾಜ್ಯದ ವಿಶ್ವವಿದ್ಯಾಲಯದವರು, ತಾಯಿಯನ್ನೋ ತಂದೆಯನ್ನೋ ಕಳೆದುಕೊಂಡ 8ರಿಂದ 16ರ ವಯಸ್ಸಿನ ಸುಮಾರು 250 ಮಕ್ಕಳನ್ನೂ ಅವರನ್ನು ಸಾಕುತ್ತಿದ್ದ 150ರಷ್ಟು ಕುಟುಂಬಗಳನ್ನೂ ಆರಿಸಿಕೊಂಡು ಒಂದು ಪ್ರಯೋಗ ನಡೆಸಿದರು. ಕೆಲವು ಕುಟುಂಬಗಳಿಗೆ ಶೋಕವನ್ನು ಕುರಿತ ಪುಸ್ತಕಗಳನ್ನು ಮಾತ್ರ ಕೊಟ್ಟರು. ಉಳಿದ ಕುಟುಂಬಗಳನ್ನು ವಾರಕ್ಕೊಮ್ಮೆಯಂತೆ 12 ಸಲ ಗುಂಪಾಗಿ ಸೇರಿಸಿದರು. ಅಲ್ಲಿ ಕಲಿಸಿದ್ದು ಬಹಳ ಸರಳವಾದದ್ದು. ಉಳಿದಿರುವ ತಾಯಿಯೋ ತಂದೆಯೋ ಮಗುವಿನೊಡನೆ ದಿನವೂ ಸ್ವಲ್ಪ ಹೊತ್ತು ಬೇರೆ ಕೆಲಸವಿಲ್ಲದೆ ಕಳೆಯುವುದು. ಮಗು ಆಡಿದ್ದನ್ನು ನಡುವೆ ಬಾಯಿಹಾಕದೆ ಕೇಳುವುದು. ಊಟ, ನಿದ್ರೆ, ಶಾಲೆಗಳ ನಿತ್ಯಕ್ರಮವನ್ನು ಕಾಪಾಡುವುದು. ಹಣದ ತಾಪತ್ರಯ ಮತ್ತು ಹಿರಿಯರ ಜಗಳಗಳಿಂದ ಮಗುವನ್ನು ದೂರವಿಡುವುದು. ಮಕ್ಕಳಿಗೆ ಪ್ರತ್ಯೇಕವಾಗಿ ತಮ್ಮ ದುಃಖವನ್ನು ಮಾತಿಗೆ ತರುವುದನ್ನು ಹೇಳಿಕೊಟ್ಟರು. ಆರು ವರ್ಷ ಕಳೆದ ಮೇಲೂ, ಹದಿನೈದು ವರ್ಷ ಕಳೆದ ಮೇಲೂ ಅವರನ್ನು ಮತ್ತೆ ಕಂಡು ವಿಚಾರಿಸಿದರು. ಕೂಟಗಳಿಗೆ ಬಂದಿದ್ದ ಮಕ್ಕಳಲ್ಲಿ ಆತ್ಮಹತ್ಯೆಯ ಯೋಚನೆ ಮತ್ತು ಯತ್ನಗಳು ಉಳಿದವರಿಗಿಂತ ಕಡಮೆಯಾಗಿದ್ದವು.

ಮಹನೀಯರೇ, ಇದರ ಅರ್ಥವನ್ನು ಆಲೋಚಿಸಬೇಕು. ಹನ್ನೆರಡು ವಾರಗಳ ಕಲಿಕೆ ಹದಿನೈದು ವರ್ಷಗಳವರೆಗೆ ಮಕ್ಕಳನ್ನು ಕಾಯಿತು. ಹೋದ ತಂದೆಯನ್ನು ಯಾರೂ ತಂದುಕೊಡಲಿಲ್ಲ. ಉಳಿದಿದ್ದ ತಾಯಿಯನ್ನು ಬಲಪಡಿಸಿದರು, ಅಷ್ಟೇ. ಅಲ್ಲಿ ಕಲಿಸಿದ ಸಂಗತಿಗಳಲ್ಲಿ ನಮ್ಮ ಮನೆಗಳಿಗೆ ದುಬಾರಿಯಾದದ್ದು ಒಂದೂ ಇಲ್ಲ.

ಜೊತೆಯಾಗುವುದರಿಂದ ಪ್ರಯೋಜನವುಂಟೆಂದು ತಿಳಿದೆವು. ಇನ್ನು ಆಚರಣೆಯ ಮಾತು. ಕಷ್ಟದಲ್ಲಿರುವ ಮಗುವನ್ನು ಗುರುತಿಸುವುದು ಹೇಗೆ? ಗುರುತಿಸಿದ ಮೇಲೆ ಏನು ಮಾಡುವುದು?

ನಿದ್ರೆ ಕೆಡುವುದು, ಊಟ ಬಿಡುವುದು, ಗೆಳೆಯರಿಂದ ದೂರ ಸರಿಯುವುದು, ಮೆಚ್ಚಿನ ಆಟಪಾಠಗಳಲ್ಲಿ ಆಸಕ್ತಿ ಹೋಗುವುದು, ಮುದ್ದಿನ ವಸ್ತುಗಳನ್ನು ಇತರರಿಗೆ ಹಂಚುವುದು ಸಾಮಾನ್ಯ ಸೂಚನೆಗಳು. ಹುಡುಗರಲ್ಲಿ ದುಃಖವು ಎಷ್ಟೋ ವೇಳೆ ಸಿಡುಕಿನ ವೇಷದಲ್ಲಿ ಬರುತ್ತದೆ. 'ನಾನಿಲ್ಲದಿದ್ದರೆ ನಿಮಗೆಲ್ಲ ನೆಮ್ಮದಿ' ಎಂಬ ಮಾತನ್ನು ಎಂದೂ ಹಗುರವಾಗಿ ಎಣಿಸಬಾರದು. ತೀರಿಕೊಂಡವರ ವರ್ಷಾಬ್ದಿಕ, ಹುಟ್ಟಿದ ದಿನ, ಹಬ್ಬ, ಪರೀಕ್ಷೆಯ ಫಲಿತಾಂಶ: ಈ ದಿನಗಳಲ್ಲಿ ಹಳೆಯ ನೋವು ಮರಳುತ್ತದೆ, ಆಗ ವಿಶೇಷ ಎಚ್ಚರ ಬೇಕು.

ಅನುಮಾನ ಬಂದರೆ ಕೇಳಬೇಕು. ನೇರವಾಗಿ ಕೇಳಬೇಕು. 'ಮಗೂ, ಬದುಕೇ ಬೇಡ ಅಂತ ಯಾವಾಗಲಾದರೂ ಅನ್ನಿಸಿದೆಯಾ?' ಎಂದು ಪಕ್ಕದಲ್ಲಿ ಕುಳಿತು ಮೆಲ್ಲಗೆ ಕೇಳಬಹುದು. ಕೇಳಿದರೆ ಇಲ್ಲದ ಯೋಚನೆಯನ್ನು ಹುಟ್ಟಿಸಿದಂತಾಗುತ್ತದೆಂದು ಹೆದರುವವರಿದ್ದಾರೆ. ಈ ಹೆದರಿಕೆಗೆ ಆಧಾರವಿಲ್ಲ. ನ್ಯೂಯಾರ್ಕ್ ರಾಜ್ಯದ 2 ಸಾವಿರಕ್ಕೂ ಹೆಚ್ಚು ಪ್ರೌಢಶಾಲಾ ವಿದ್ಯಾರ್ಥಿಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿದ ವರದಿ 2005ರಲ್ಲಿ ಬಂದಿತು. ಆತ್ಮಹತ್ಯೆಯ ಯೋಚನೆಯ ವಿಷಯ ಕೇಳಿಸಿಕೊಂಡ ಮಕ್ಕಳಿಗೆ, ಕೇಳಿಸಿಕೊಳ್ಳದವರಿಗಿಂತ ಹೆಚ್ಚಿನ ಕ್ಲೇಶವೇನೂ ಆಗಲಿಲ್ಲ. ಮೊದಲೇ ಖಿನ್ನರಾಗಿದ್ದವರಿಗೆ ಕೇಳಿದ್ದರಿಂದ ಸ್ವಲ್ಪ ಹಗುರವೇ ಆದಂತೆ ಕಂಡಿತು.

ಉತ್ತರ ಹೌದೆಂದು ಬಂದರೆ ಗಾಬರಿಯಾಗಬೇಡಿ, ಗದರಬೇಡಿ, ಉಪದೇಶಕ್ಕೆ ಆತುರಪಡಬೇಡಿ. 'ನಿನಗೆ ಏನು ಕಡಮೆ ಮಾಡಿದ್ದೇವೆ?' ಎಂಬ ಪ್ರಶ್ನೆಯನ್ನು ಆ ಹೊತ್ತಿಗೆ ಬದಿಗಿಡಿ. ಮಗುವನ್ನು ಒಂಟಿಯಾಗಿ ಬಿಡಬೇಡಿ. ಅಪಾಯಕ್ಕೆ ಎಡೆಕೊಡುವ ಔಷಧಗಳು, ಕೃಷಿಯ ರಾಸಾಯನಿಕಗಳು ಕೈಗೆಟುಕದಂತೆ ಬೀಗದೊಳಗಿರಲಿ. ತೀವ್ರವಾದ ಸಂಕಟದ ವೇಗ ಎಷ್ಟೋ ಸಲ ಕೆಲವು ಗಂಟೆಗಳಲ್ಲಿ ತಗ್ಗುತ್ತದೆ. ಆ ಹೊತ್ತನ್ನು ಕಾದು ಕಳೆಯಿಸಿದರೆ ಒಂದು ಜೀವ ಉಳಿದೀತು.

ಅನಂತರ ವೈದ್ಯರ ನೆರವು. 14416 ಎಂಬ ದೂರವಾಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಒಂದು, ನಾಲ್ಕು, ನಾಲ್ಕು, ಒಂದು, ಆರು. ಇದು 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರ್ಕಾರದ ಉಚಿತ ಸೇವೆ. ಹಗಲಿರುಳೂ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಸಂಕಷ್ಟದಲ್ಲಿರುವ ಮಕ್ಕಳಿಗಾಗಿ 1098 ಸಹಾಯವಾಣಿಯಿದೆ. ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರು ಲಭ್ಯರು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಇಡೀ ದೇಶಕ್ಕೆ ಹಬ್ಬುವ ಮುನ್ನ ಅದರ ಮೊದಲ ಪ್ರಯೋಗ ನಡೆದದ್ದು, 1980ರ ದಶಕದಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ, ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ಕೇಸಾಗುತ್ತದೆಂಬ ಹೆದರಿಕೆಯೂ ಬೇಡ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರವಾದ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು ಎಂದು ವಿಧಿಸಿದೆ.

ಮನೆಯವರ ಹೊಣೆಯನ್ನು ಹೇಳಿದೆ. ಶಾಲೆಗೂ ಸಮಾಜಕ್ಕೂ ಹೊಣೆಯುಂಟು. ಕೆಲವು ನಷ್ಟಗಳನ್ನು ತಡೆಯುವುದು ನಮ್ಮ ವಶದಲ್ಲಿಲ್ಲ. ಕೆಲವನ್ನು ನಾವೇ ಉಂಟುಮಾಡುತ್ತೇವೆ, ನಾವೇ ಕಡಮೆಮಾಡಬಹುದು. ಅನುತ್ತೀರ್ಣನಾದರೆ ಒಂದು ವರ್ಷ ಹಾಳಾಯಿತೆಂಬ ಭಾವನೆ ಅಂಥದ್ದು. ಚೆನ್ನೈ ನಗರದಲ್ಲಿ ಮನೋವೈದ್ಯೆ ಲಕ್ಷ್ಮೀ ವಿಜಯಕುಮಾರ್ 1986ರಲ್ಲಿ ಸ್ನೇಹಾ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅನುತ್ತೀರ್ಣರಾದವರು ವರ್ಷ ಕಳೆದುಕೊಳ್ಳದೆ ಬೇಗನೆ ಮತ್ತೆ ಪರೀಕ್ಷೆ ಬರೆಯುವ ವ್ಯವಸ್ಥೆಗಾಗಿ ಆ ಸಂಸ್ಥೆ ಶ್ರಮಿಸಿತು, ತಮಿಳುನಾಡು ಸರ್ಕಾರ ಅದನ್ನು ಜಾರಿಗೆ ತಂದಿತು. ನಮ್ಮ ರಾಜ್ಯದಲ್ಲಿಯೂ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ಅದೇ ವರ್ಷದಲ್ಲಿ ಮತ್ತೆ ಪರೀಕ್ಷೆ ಬರೆಯುವ ಅವಕಾಶವಿದೆ. ಈ ಅವಕಾಶದ ವಿಷಯವನ್ನು ಫಲಿತಾಂಶದ ದಿನವೇ, ಬೇರಾವ ಮಾತಿಗೂ ಮುಂಚೆ, ಮಗುವಿಗೆ ತಿಳಿಸಬೇಕು. ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ವಿದ್ಯಾರ್ಥಿ ಶಾಲೆಗೆ ಮರಳಿದಾಗ, 'ನಿನ್ನ ವಿಷಯ ತಿಳಿಯಿತು, ಬೇಕೆನಿಸಿದಾಗ ನನ್ನ ಹತ್ತಿರ ಬಾ' ಎಂದು ಹೇಳುವ ಒಬ್ಬ ಉಪಾಧ್ಯಾಯರು ಪ್ರತಿ ಶಾಲೆಯಲ್ಲಿಯೂ ಇರಬೇಕು.

ಕೊನೆಯ ಮಾತು ಕಿರಿಯರಿಗೆ. ತಮ್ಮಂದಿರೇ, ತಂಗಿಯರೇ, ನಿಮ್ಮಲ್ಲಿ ಯಾರಾದರೂ ಏನನ್ನೋ, ಯಾರನ್ನೋ ಕಳೆದುಕೊಂಡಿದ್ದರೆ, ಆ ದುಃಖ ನಿಮ್ಮ ದೌರ್ಬಲ್ಯವಲ್ಲ. ಪ್ರೀತಿಸಿದವರಿಗೆ ಮಾತ್ರ ಬರುವ ದುಃಖ ಅದು. ನಾನು ಹೊರೆಯಾಗಿದ್ದೇನೆ ಎಂದು ಮನಸ್ಸು ಹೇಳಿದರೆ ಅದನ್ನು ಒಬ್ಬರೇ ಕುಳಿತು ನಂಬಬೇಡಿ. ಮನೆಯವರಿಗೋ, ಅತ್ತೆಗೋ, ಚಿಕ್ಕಪ್ಪನಿಗೋ, ಮೇಷ್ಟ್ರಿಗೋ ಹೇಳಿ. ಮೊದಲನೆಯವರು ಕಿವಿಗೊಡದಿದ್ದರೆ ಎರಡನೆಯವರಿಗೆ ಹೇಳಿ. ಯಾರೂ ಇಲ್ಲವೆನಿಸಿದ ರಾತ್ರಿ 14416ಕ್ಕೆ ಕರೆಮಾಡಿ. ಗೆಳೆಯನೊಬ್ಬ ಇಂಥ ಯೋಚನೆಯನ್ನು ಗುಟ್ಟಾಗಿ ನಿಮಗೆ ಹೇಳಿದರೆ ಆ ಗುಟ್ಟನ್ನು ಕಾಯಬೇಡಿ, ಗೆಳೆಯನನ್ನು ಕಾಯಿರಿ. ಕೂಡಲೇ ಒಬ್ಬ ಹಿರಿಯರಿಗೆ ತಿಳಿಸಿ.

ಹಿರಿಯರಾದ ಕೇಳುಗರೇ, ನಿಮ್ಮ ಬೀದಿಯಲ್ಲಿ, ನಿಮ್ಮ ಬಂಧುವರ್ಗದಲ್ಲಿ, ನಿಮ್ಮ ತರಗತಿಯಲ್ಲಿ ಈ ವರ್ಷ ಏನನ್ನಾದರೂ ಕಳೆದುಕೊಂಡ ಒಂದು ಮಗು ಖಂಡಿತ ಇದೆ. ಅದರ ಹೆಸರು ಈಗಲೇ ನಿಮ್ಮ ನೆನಪಿಗೆ ಬಂದಿರಬಹುದು. ಈ ವಾರದೊಳಗಾಗಿ ಆ ಮಗುವನ್ನು ಕಂಡು, ಪಕ್ಕದಲ್ಲಿ ಕುಳಿತು, ಹೇಗಿದ್ದೀಯಪ್ಪ, ಹೇಗಿದ್ದೀಯಮ್ಮ ಎಂದು ವಿಚಾರಿಸಿ. ಉತ್ತರ ಬರುವವರೆಗೆ ಅಲ್ಲಿಯೇ ಇರಿ. ಒಂದು ತಿಂಗಳು ಬಿಟ್ಟು ಮತ್ತೆ ಹೋಗಿ. ನಿಮ್ಮಲ್ಲಿ ನಾನು ಮಾಡುವ ಬಿನ್ನಹ ಇಷ್ಟೇ.